ಹೊರಗಿನ ಲೈನು, ಒಳಗಿನ ಜಾಲ

ಮನೆ ಕಟ್ಟಿಸುವವರು ಗೋಡೆಗೆ ಗಾರೆ ಬೀಳುವ ಮೊದಲು ವೈರಿಂಗ್‌ನವರ ಜೊತೆ ಕೋಣೆ ಕೋಣೆ ಸುತ್ತುತ್ತಾರೆ. ಫ್ಯಾನ್ ಎಲ್ಲಿ, ಗೀಸರ್ ಎಲ್ಲಿ, ಯುಪಿಎಸ್ ಇಡಲು ಯಾವ ಮೂಲೆ, ದೇವರಮನೆಗೆ ಎಂಥ ದೀಪ ಎಂಬುದರವರೆಗೆ ಮಾತಾಗುತ್ತದೆ. ಕಂಪ್ಯೂಟರ್ ಜಾಲದ ಸುದ್ದಿ ಬರುವುದೇ ಇಲ್ಲ. ಬಂದರೂ ಒಂದೇ ಮಾತಿನಲ್ಲಿ ಮುಗಿದುಹೋಗುತ್ತದೆ: “ವೈಫೈ ಇದೆಯಲ್ಲ ಸಾರ್, ಕೇಬಲ್ ಯಾಕೆ?” ಹತ್ತು ಜನ ಕೂತು ಲೆಕ್ಕ ಬರೆಯುವ ಆಡಿಟರ್ ಕಚೇರಿಯಲ್ಲೂ, ಸರ್ಕಾರಿ ಪ್ರೌಢಶಾಲೆಯ ಕಂಪ್ಯೂಟರ್ ಕೋಣೆಯಲ್ಲೂ, ಪಂಚಾಯಿತಿಯ ಗ್ರಂಥಾಲಯದಲ್ಲೂ ಈಗ ಇದೇ ಮಾತು ಚಲಾವಣೆಯಲ್ಲಿದೆ.

ಈ ಮಾತು ಎರಡು ನಂಬಿಕೆಗಳ ಮೇಲೆ ನಿಂತಿದೆ. ತಂತಿಯ ಕಾಲ ಮುಗಿಯಿತು ಎಂಬುದು ಒಂದು. ಕಟ್ಟಡದ ಒಳಗೆ ಬೇರೆ ಜಾಲವೇ ಬೇಕಿಲ್ಲ, ಒಳ್ಳೆಯ ಇಂಟರ್ನೆಟ್ ಲೈನು ಹಾಕಿಸಿಕೊಂಡರೆ ಮಿಕ್ಕದ್ದನ್ನು ಕ್ಲೌಡ್ ನೋಡಿಕೊಳ್ಳುತ್ತದೆ ಎಂಬುದು ಇನ್ನೊಂದು. ಎರಡನ್ನೂ ನಾನು ಒಪ್ಪುವುದಿಲ್ಲ. ಮೊದಲನೆಯದರಿಂದ ಆಗುವ ನಷ್ಟ ವೇಗದ್ದು, ದುಡ್ಡಿನದ್ದು. ಅದನ್ನು ಹೇಗೋ ಸಹಿಸಬಹುದು. ಎರಡನೆಯದು ನಾಲ್ಕು ಗೋಡೆಗಳ ನಡುವೆ ಹುಟ್ಟಿ ಅಲ್ಲೇ ಮುಗಿಯಬೇಕಾದ ಕೆಲಸವನ್ನು ನಮ್ಮ ಕೈ ತಪ್ಪಿಸುತ್ತದೆ. ಅದನ್ನು ಸಹಿಸಬಾರದು.

ತಂತಿ ಹಳತು, ತಂತಿಯಿಲ್ಲದ್ದು ಹೊಸತು ಎಂದು ಎಲ್ಲರೂ ಎಣಿಸಿದ್ದಾರೆ. ಚರಿತ್ರೆ ಬೇರೆಯೇ ಹೇಳುತ್ತದೆ. 1971ರಲ್ಲಿ ಹವಾಯಿ ವಿಶ್ವವಿದ್ಯಾಲಯದಲ್ಲಿ ನಾರ್ಮನ್ ಅಬ್ರಾಮ್ಸನ್ ಮತ್ತು ಸಂಗಡಿಗರು ದ್ವೀಪಗಳ ನಡುವೆ ರೇಡಿಯೊ ಮೂಲಕ ಕಂಪ್ಯೂಟರ್ ಸಂಪರ್ಕ ಕಟ್ಟಿದರು. ಅದರ ಹೆಸರು ಅಲೋಹಾನೆಟ್. ಕಳಿಸಬೇಕೆಂದವರು ಕಳಿಸುವುದು, ಎರಡು ಸಂದೇಶ ಡಿಕ್ಕಿಯಾದರೆ ಕೊಂಚ ಕಾದು ಮತ್ತೆ ಕಳಿಸುವುದು, ಇಷ್ಟೇ ಅದರ ನಿಯಮ. ಸರಳವಾದ ನಿಯಮ, ಆದರೆ ದುಂದಿನದು. ಹೀಗೆ ಕಳಿಸುತ್ತ ಹೋದರೆ ಚಾನೆಲ್ಲಿನ ಸಾಮರ್ಥ್ಯದಲ್ಲಿ ಹೆಚ್ಚೆಂದರೆ ಶೇ 18ರಷ್ಟು ಮಾತ್ರ ಕೆಲಸಕ್ಕೆ ಬರುತ್ತದೆ ಎಂದು ಗಣಿತ ತೋರಿಸುತ್ತದೆ. ಅಬ್ರಾಮ್ಸನ್ ಅವರ ಬರಹ ಓದಿಕೊಂಡಿದ್ದ ರಾಬರ್ಟ್ ಮೆಟ್‌ಕಾಫ್, ಝೆರಾಕ್ಸ್ ಕಂಪನಿಯ ಪಾಲೊ ಆಲ್ಟೊ ಸಂಶೋಧನಾ ಕೇಂದ್ರದಲ್ಲಿ ಡೇವಿಡ್ ಬಾಗ್ಸ್ ಜೊತೆ ಸೇರಿ ಅದೇ ಉಪಾಯವನ್ನು ತಿದ್ದಿ ಒಂದು ಕೇಬಲ್ಲಿನೊಳಗೆ ತಂದರು. 1973ರ ಆ ಕೆಲಸವೇ ಈಥರ್ನೆಟ್. ಸೆಕೆಂಡಿಗೆ 2.94 ಮೆಗಾಬಿಟ್ ಅದರ ಮೊದಲ ವೇಗ. ಈ ಕೆಲಸಕ್ಕಾಗಿ ಮೆಟ್‌ಕಾಫ್ ಅವರಿಗೆ 2022ನೇ ಸಾಲಿನ ಟ್ಯೂರಿಂಗ್ ಪ್ರಶಸ್ತಿ ಸಂದಿತು. ಗಾಳಿಯಲ್ಲಿ ಹುಟ್ಟಿದ ಒಂದು ಯೋಚನೆ ತಂತಿಗೆ ಬಂದ ಮೇಲೆ ಬಲಿಯಿತು.

ಆಗಿನ ಈಥರ್ನೆಟ್‌ನಲ್ಲಿ ಎಲ್ಲ ಯಂತ್ರಗಳಿಗೂ ಒಂದೇ ಕೇಬಲ್. ಒಂದು ಮಾತಾಡುವಾಗ ಮಿಕ್ಕವು ಸುಮ್ಮನಿರಬೇಕಿತ್ತು. ಈ ಕಟ್ಟು ಬಿಡಿಸಿದ್ದು 1990ರಲ್ಲಿ ಬಂದ ಈಥರ್ನೆಟ್ ಸ್ವಿಚ್. ಅದನ್ನು ಮೊದಲು ಮಾರುಕಟ್ಟೆಗೆ ತಂದದ್ದು ಭಾರತೀಯ ಮೂಲದ ವಿನೋದ್ ಭಾರದ್ವಾಜ್ ಕ್ಯಾಲಿಫೋರ್ನಿಯಾದಲ್ಲಿ ಕಟ್ಟಿದ ‘ಕಲ್ಪನಾ’ ಎಂಬ ಕಂಪನಿ. 1994ರಲ್ಲಿ ಸಿಸ್ಕೊ ಅದನ್ನು ಕೊಂಡುಕೊಂಡಿತು. ಸ್ವಿಚ್ ಬಂದ ಮೇಲೆ ಪ್ರತಿ ಕಂಪ್ಯೂಟರಿಗೂ ಅದರದೇ ಕೇಬಲ್, ಅದರದೇ ದಾರಿ. ಒಂದೇ ಕ್ಷಣದಲ್ಲಿ ಕಳಿಸುವುದೂ ನಡೆಯಿತು, ತೆಗೆದುಕೊಳ್ಳುವುದೂ ನಡೆಯಿತು. ಪಕ್ಕದ ಯಂತ್ರದ ಕೆಲಸ ಮುಗಿಯಲಿ ಎಂದು ಕಾಯುವುದು ತಪ್ಪಿತು.

ವೈಫೈಗೆ ಈ ಬಿಡುಗಡೆ ಇವತ್ತಿಗೂ ಸಿಕ್ಕಿಲ್ಲ, ಸಿಗುವಂಥದ್ದೂ ಅಲ್ಲ. ಗಾಳಿ ಒಂದೇ. ಒಂದು ಚಾನೆಲ್ಲಿನಲ್ಲಿ ಒಂದು ಯಂತ್ರ ಕಳಿಸುತ್ತಿದ್ದರೆ ಅದನ್ನು ಕೇಳಿಸಿಕೊಳ್ಳುವ ದೂರದಲ್ಲಿರುವ ಮಿಕ್ಕ ಯಂತ್ರಗಳು ಕಾಯಬೇಕು. ಪಕ್ಕದ ಮನೆಯ ರೂಟರ್ ಅದೇ ಚಾನೆಲ್ಲಿನಲ್ಲಿದ್ದರೆ ಅದಕ್ಕೂ ಕಾಯಬೇಕು. ಗೋಡೆ ದಾಟಿ ದೂರ ಹೋಗುವ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್ಲುಗಳು ಮೂರೇ: 1, 6 ಮತ್ತು 11. ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನಲ್ಲಿ ಫೋನ್ ತೆರೆದು ನೋಡಿದರೆ ಇಪ್ಪತ್ತು ಮೂವತ್ತು ಮನೆಗಳ ಹೆಸರು ಕಾಣುತ್ತವೆ. ಅಷ್ಟೂ ಮನೆಗಳು ಈ ಮೂರನ್ನೇ ಹಂಚಿಕೊಂಡಿರುತ್ತವೆ. 5 ಗಿಗಾಹರ್ಟ್ಸ್‌ನಲ್ಲಿ ಜಾಗ ಹೆಚ್ಚು, ಆದರೆ ಅದು ಗೋಡೆಗೆ ಬೇಗ ಸೋಲುತ್ತದೆ. ಕರಾವಳಿಯ ಕೆಂಪುಕಲ್ಲಿನ ಮನೆ, ಬಯಲುಸೀಮೆಯ ಸೈಜುಗಲ್ಲಿನ ಮನೆ, ಮಲೆನಾಡಿನ ದಪ್ಪ ಮಣ್ಣುಗೋಡೆಯ ಮನೆ, ಇವುಗಳ ಎರಡನೇ ಕೋಣೆಗೆ ಹೋಗಿ ನೋಡಿದರೆ ಸಾಕು, ತಿಳಿಯುತ್ತದೆ. 2021ರಲ್ಲಿ ಅಂತಿಮಗೊಂಡ ವೈಫೈ 6 ಒಂದೇ ಚಾನೆಲ್ಲನ್ನು ಹೋಳು ಮಾಡಿ ಹಲವು ಯಂತ್ರಗಳಿಗೆ ಹಂಚಬಲ್ಲದು. ಅದು ದೊಡ್ಡ ಸುಧಾರಣೆಯೇ. ಹಂಚಿಕೊಳ್ಳುವ ಮಾಧ್ಯಮ ಎಂಬ ಮೂಲಗುಣವಂತೂ ಹಾಗೆಯೇ ಉಳಿದಿದೆ.

ಅಂಗಡಿಯವರು ಇದನ್ನು ಹೇಳುವುದಿಲ್ಲ. ಅವರು ತೋರಿಸುವುದು ಡಬ್ಬದ ಮೇಲಿನ ಅಂಕಿಯನ್ನು. ‘1200’ ಎಂದು ದಪ್ಪಕ್ಷರದಲ್ಲಿ ಅಚ್ಚಾದ ರೂಟರ್‌ನಲ್ಲಿ ಒಂದು ಪಟ್ಟಿಯ 300 ಮತ್ತು ಇನ್ನೊಂದು ಪಟ್ಟಿಯ 867 ಮೆಗಾಬಿಟ್ ಕೂಡಿಸಿ, ಮೇಲಕ್ಕೆ ಸರಿಸಿ ಆ ಅಂಕಿ ಮಾಡಿರುತ್ತಾರೆ. ಇಂಥ ರೂಟರಿಗೆ ಸೇರಿದ ಫೋನಾಗಲಿ ಲ್ಯಾಪ್‌ಟಾಪ್ ಆಗಲಿ ಒಂದು ಹೊತ್ತಿಗೆ ಒಂದು ಪಟ್ಟಿಯನ್ನಷ್ಟೇ ಬಳಸುತ್ತದೆ. ಇನ್ನೂ ಬೇಸರದ ಸಂಗತಿ, ಇಂಥ ಎಷ್ಟೋ ಅಗ್ಗದ ರೂಟರ್‌ಗಳ ಹಿಂಬದಿಯ ಕೇಬಲ್ ಕಿಂಡಿಗಳು 100 ಮೆಗಾಬಿಟ್‌ನವು. ಗಾಳಿಯಲ್ಲಿ ಎಷ್ಟೇ ಓಡಲಿ, ಹೊರಗಿನಿಂದ ಒಳಬರುವ ಬಾಗಿಲು ನೂರಕ್ಕೇ ನಿಂತಿರುತ್ತದೆ. ಇನ್ನೂರು ಮೆಗಾಬಿಟ್‌ನ ಪ್ಲಾನ್‌ಗೆ ತಿಂಗಳು ತಿಂಗಳು ದುಡ್ಡು ಕಟ್ಟುತ್ತ, ಅದರ ಅರ್ಧವೂ ಮನೆಯೊಳಕ್ಕೆ ಬಾರದೆ ಇರುವವರು ನಮ್ಮಲ್ಲಿ ಕಡಿಮೆಯಿಲ್ಲ. ಕೊಳ್ಳುವ ಮುನ್ನ ಕಿಂಡಿಗಳ ವೇಗ ಕೇಳುವುದೊಂದೇ ಇದಕ್ಕೆ ಮದ್ದು.

ವೈಫೈ ಬೇಡ ಎಂದು ನಾನು ಹೇಳುತ್ತಿಲ್ಲ. ಫೋನಿಗೆ ಬೇರೆ ದಾರಿಯೇ ಇಲ್ಲ, ಮನೆಗೆ ಬಂದ ನೆಂಟರ ಲ್ಯಾಪ್‌ಟಾಪಿಗೂ ಅದೇ ಸರಿ. ಆದರೆ ಕೂತ ಜಾಗ ಬಿಟ್ಟು ಏಳದ ಯಂತ್ರಗಳಿವೆಯಲ್ಲ, ಮೇಜಿನ ಕಂಪ್ಯೂಟರ್, ಪ್ರಿಂಟರ್, ಟಿವಿ, ಗೋಡೆಯ ಕ್ಯಾಮೆರಾ, ಇವು ಗಾಳಿಯನ್ನು ತುಂಬಿಕೊಂಡು ಕೂರುವುದಕ್ಕೆ ಯಾವ ಕಾರಣವೂ ಇಲ್ಲ. ಅವನ್ನು ತಂತಿಗೆ ಹಾಕಿದರೆ ಫೋನುಗಳ ವೈಫೈ ಕೂಡ ಚೆನ್ನಾಗುತ್ತದೆ. ಮಹಡಿಗೆ ಸಿಗ್ನಲ್ ಬರುತ್ತಿಲ್ಲವೆಂದು ಅಗ್ಗದ ರಿಪೀಟರ್ ತಂದು ಸಿಕ್ಕಿಸುವವರು, ಅದು ಒಂದೇ ರೇಡಿಯೊದಲ್ಲಿ ಕೇಳಿ ಅದರಲ್ಲೇ ಮತ್ತೆ ಹೇಳುವುದರಿಂದ ವೇಗ ಅರ್ಧಕ್ಕೆ ಇಳಿಯುತ್ತದೆಂದು ತಿಳಿದಿರುವುದಿಲ್ಲ. ಮಹಡಿಗೊಂದು ಕೇಬಲ್ ಎಳೆದು ಅದರ ತುದಿಗೆ ವೈಫೈ ಬೀರುವ ಇನ್ನೊಂದು ಪೆಟ್ಟಿಗೆ (ಆಕ್ಸೆಸ್ ಪಾಯಿಂಟ್) ಇಟ್ಟರೆ ಆ ಕಷ್ಟವಿಲ್ಲ. ಒಳ್ಳೆಯ ವೈಫೈ ಬೇಕೆಂದರೂ ಮೊದಲು ಬೇಕಾದದ್ದು ತಂತಿ.

ಇಷ್ಟು ವೇಗದ ಮಾತಾಯಿತು. ನನ್ನನ್ನು ಹೆಚ್ಚು ಕಾಡುವುದು ಎರಡನೆಯ ನಂಬಿಕೆ.

1996ರಲ್ಲಿ ಇಂಟರ್ನೆಟ್ಟಿನ ನಿಯಮ ರೂಪಿಸುವವರು ಕೆಲವು ವಿಳಾಸಗಳನ್ನು ಒಳಜಾಲಗಳಿಗೆಂದೇ ತೆಗೆದಿಟ್ಟರು. ರೂಟರ್ ತಿದ್ದಲು ಹೋದವರೆಲ್ಲ ಕಂಡಿರುವ 192.168 ಎಂದು ಶುರುವಾಗುವ ವಿಳಾಸಗಳು ಅಂಥವು. ಅವು ಹೊರಗಿನ ಇಂಟರ್ನೆಟ್ಟಿನಲ್ಲಿ ಸಂಚರಿಸುವುದಿಲ್ಲ. ಅದೇ ಸಂಖ್ಯೆ ನಮ್ಮ ಮನೆಯಲ್ಲೂ ಇರಬಹುದು, ಎದುರುಮನೆಯಲ್ಲೂ ಇರಬಹುದು. ಅವನ್ನು ಬಳಸಲು ಯಾರನ್ನೂ ಕೇಳಬೇಕಿಲ್ಲ, ಬಾಡಿಗೆ ಕಟ್ಟಬೇಕಿಲ್ಲ, ಹೊರಗೆ ಲೈನು ಇರಲೇಬೇಕೆಂದೂ ಇಲ್ಲ. ನಾಲ್ಕು ಕಂಪ್ಯೂಟರ್, ಒಂದು ಸ್ವಿಚ್, ನಾಲ್ಕು ಕೇಬಲ್ ಇದ್ದರೆ ಕಾಡಿನ ನಡುವೆಯೂ ಪೂರ್ಣವಾದ ಜಾಲವೊಂದು ನಡೆಯುತ್ತದೆ. ಇಂಟರ್ನೆಟ್ ಆ ಜಾಲಕ್ಕೆ ಹೊರಗಿನಿಂದ ಬಂದು ಸೇರುವ ಒಂದು ಲೈನು, ಅಷ್ಟೆ. ಈ ತಿಳಿವಳಿಕೆ ಈಗ ಅಳಿಸಿಹೋಗುತ್ತಿದೆ. ‘ನೆಟ್’ ಎಂದರೆ ಕಂಪನಿಯವರು ಕೊಡುವುದು, ಅವರು ಕೊಡದಿದ್ದರೆ ಒಳಗೆ ಏನೂ ಇಲ್ಲ ಎಂಬ ಭಾವನೆ ಬೇರೂರಿದೆ.

ಗೇಟಿನ ಮೇಲೆ ಹಾಕುವ ಅಗ್ಗದ ಕ್ಯಾಮೆರಾ ನೋಡಿ. ಅದರ ಚಿತ್ರ ಹೊರದೇಶದ ಯಾವುದೋ ಸರ್ವರ್‌ಗೆ ಹೋಗಿ, ಅಲ್ಲಿಂದ ತಿರುಗಿ ನಡುಮನೆಯಲ್ಲಿ ಕೂತವರ ಫೋನಿಗೆ ಬರುತ್ತದೆ. ಅಡುಗೆಮನೆಯಿಂದ ನಡುಮನೆಗೆ ಕೊಡಬೇಕಾದ ತಟ್ಟೆಯನ್ನು ಬಸ್‌ಸ್ಟ್ಯಾಂಡಿನವರೆಗೆ ಹೊತ್ತು ತಂದ ಹಾಗೆ. ಮಳೆಗೆ ಮರ ಬಿದ್ದು ಲೈನು ಕಡಿದ ರಾತ್ರಿ, ಕ್ಯಾಮೆರಾಕ್ಕೆ ಯುಪಿಎಸ್ ಇದ್ದರೂ, ಮನೆಯವರು ತಮ್ಮ ಗೇಟನ್ನು ತಾವೇ ನೋಡಲಾಗದೆ ಕೂರುತ್ತಾರೆ. ಕ್ಯಾಮೆರಾಗಳು ಒಳಜಾಲದಲ್ಲೇ ಒಂದಕ್ಕೊಂದು ಹೊಂದಿಕೊಳ್ಳಲಿ ಎಂದು ತಯಾರಕರೇ 2008ರಿಂದ ಆನ್ವಿಫ್ ಎಂಬ ಮಾನದಂಡ ಬೆಳೆಸಿದ್ದಾರೆ. ಅದನ್ನು ಪಾಲಿಸುವ ಕ್ಯಾಮೆರಾ ಕೊಂಡು, ಮನೆಯ ರೆಕಾರ್ಡರಿಗೆ ಕೇಬಲ್ಲಿನಲ್ಲಿ ಜೋಡಿಸಿದರೆ ಚಿತ್ರ ಮನೆ ಬಿಟ್ಟು ಹೋಗುವ ಅಗತ್ಯವೇ ಇಲ್ಲ.

ಊರಿನ ಫೋಟೊ ಸ್ಟುಡಿಯೊಗಳ ಲೆಕ್ಕ ಇನ್ನೂ ಸ್ಪಷ್ಟ. ಎರಡು ದಿನದ ಮದುವೆಯ ಫೋಟೊ, ವಿಡಿಯೊ ಸೇರಿ 500 ಗಿಗಾಬೈಟ್ ಆಯಿತೆನ್ನಿ. ಸೆಕೆಂಡಿಗೆ 50 ಮೆಗಾಬಿಟ್ ಅಪ್‌ಲೋಡ್ ಇರುವ ಲೈನಿನಲ್ಲಿ ಅದನ್ನು ಕ್ಲೌಡಿಗೆ ಏರಿಸಲು ಎಲ್ಲೂ ತಡೆಯಿಲ್ಲದಿದ್ದರೂ 22 ಗಂಟೆ ಬೇಕು. ಆಲ್ಬಂ ವಿನ್ಯಾಸ ಮಾಡುವ ಹುಡುಗ ಪಕ್ಕದ ಮೇಜಿನಲ್ಲಿ ಕೂತು ಅದನ್ನೇ ಮತ್ತೆ ಇಳಿಸಿಕೊಳ್ಳಬೇಕು. ಗಿಗಾಬಿಟ್ ಸ್ವಿಚ್ಚಿನ ಮೂಲಕವಾದರೆ ಅಷ್ಟೂ ಒಂದೂಕಾಲು ಗಂಟೆಯಲ್ಲಿ ಈ ಮೇಜಿನಿಂದ ಆ ಮೇಜಿಗೆ ಹೋಗುತ್ತದೆ. ಐದು ಕಿಂಡಿಯ ಅಂಥ ಸ್ವಿಚ್ಚಿಗೆ ಸಾವಿರದಿಂದ ಸಾವಿರದೈನೂರು ರೂಪಾಯಿ. ಇದನ್ನು ಬಿಟ್ಟು ನಮ್ಮ ಸ್ಟುಡಿಯೊಗಳಲ್ಲಿ, ಡಿಟಿಪಿ ಸೆಂಟರುಗಳಲ್ಲಿ ಪೆನ್‌ಡ್ರೈವ್ ಓಡಾಡುತ್ತದೆ. ಅದರ ಜೊತೆಗೆ ವೈರಸ್ಸೂ ಓಡಾಡುತ್ತದೆ, ಒಂದೇ ಫೈಲಿನ ನಾಲ್ಕು ಪ್ರತಿಗಳೂ ಓಡಾಡುತ್ತವೆ, ಯಾವುದು ಕೊನೆಯ ತಿದ್ದುಪಡಿ ಎಂದು ಅಚ್ಚಿಗೆ ಹೋಗುವ ಹೊತ್ತಿಗೆ ಜಗಳವಾಗುತ್ತದೆ.

ಒಳಜಾಲದ ಮೇಲೆ ಕಟ್ಟಿದ ಕೆಲಸ ಹೇಗೆ ಬಾಳುತ್ತದೆ ಎಂಬುದಕ್ಕೆ ಬೆಂಗಳೂರಿನ ಟ್ಯಾಲಿಯೇ ಸಾಕ್ಷಿ. 1986ರಲ್ಲಿ ಶುರುವಾದ ಆ ಕಂಪನಿಯ ಲೆಕ್ಕದ ತಂತ್ರಾಂಶ ದೇಶದ ಅಂಗಡಿ ಮಂಡಿಗಳಿಗೆ ಹಬ್ಬಿದ್ದು ಇಂಟರ್ನೆಟ್ ನಂಬಿ ಅಲ್ಲ. ಒಂದು ಕಂಪ್ಯೂಟರಿನಲ್ಲಿ ಡೇಟಾ, ಉಳಿದವರು ಒಳಜಾಲದಲ್ಲಿ ಅದನ್ನೇ ತೆರೆದು ಬಿಲ್ಲು ಹಾಕುವುದು, ಇದು ಅದರ ರೂಢಿ. ಇದೇ ಕೆಲಸವನ್ನು ತಂತಿ ಕಿತ್ತು ದುರ್ಬಲ ವೈಫೈನಲ್ಲಿ ಮಾಡಿಸಿದರೆ, ಬರೆಯುತ್ತಿರುವ ಹೊತ್ತಿಗೇ ಸಂಪರ್ಕ ತಪ್ಪಿ ಡೇಟಾ ಕೆಡುವ ಅಪಾಯವಿದೆ.

‘ಸರ್ವರ್ ಡೌನ್, ನಾಳೆ ಬನ್ನಿ’ ಎಂಬ ಮಾತು ಕೇಳದ ಕನ್ನಡಿಗರಿಲ್ಲ. ಭೂದಾಖಲೆ, ನೋಂದಣಿ, ಪಡಿತರ ಇವುಗಳಿಗೆ ರಾಜ್ಯಕ್ಕೆಲ್ಲ ಒಂದೇ ಲೆಕ್ಕ ಬೇಕು, ಹಾಗಾಗಿ ದೂರದ ಸರ್ವರ್ ಅನಿವಾರ್ಯ ಎಂಬುದನ್ನು ಒಪ್ಪುತ್ತೇನೆ. ಆದರೆ ಶಾಲೆಯ ಗ್ರಂಥಾಲಯದ ಪುಸ್ತಕಪಟ್ಟಿಗೆ, ಮಕ್ಕಳು ಬರೆದ ಪ್ರಬಂಧಕ್ಕೆ, ಕಚೇರಿಯ ಹಳೆಯ ಪತ್ರಗಳಿಗೆ ಆ ಅನಿವಾರ್ಯವೆಲ್ಲಿದೆ? ದೊಡ್ಡ ವ್ಯವಸ್ಥೆಗಳ ಅಭ್ಯಾಸ ಸಣ್ಣ ಜಾಗಗಳಿಗೂ ಅಂಟಿಕೊಂಡು, ಹತ್ತಡಿ ಆಚೆಗಿನ ಫೈಲಿಗೂ ಹೊರಗಿನ ಲೈನು ಕಾಯುವ ಸ್ಥಿತಿ ಬಂದಿದೆ.

ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಎಳೆಯುವ ಯೋಜನೆ 2011ರಲ್ಲಿ ರಾಷ್ಟ್ರೀಯ ಆಪ್ಟಿಕಲ್ ಫೈಬರ್ ಜಾಲವೆಂದು ಮಂಜೂರಾಗಿ ಮುಂದೆ ಭಾರತ್‌ನೆಟ್ ಆಯಿತು. ನಮ್ಮ ಹಳ್ಳಿಯ ಗ್ರಂಥಾಲಯಗಳು ಈಗ ‘ಅರಿವು ಕೇಂದ್ರ’ಗಳಾಗಿವೆ, ಅನೇಕ ಕಡೆ ಕಂಪ್ಯೂಟರುಗಳೂ ಬಂದಿವೆ. ಎರಡೂ ಒಳ್ಳೆಯ ಕೆಲಸ. ಆದರೆ ಚರ್ಚೆಯೆಲ್ಲ ಫೈಬರ್ ಬಾಗಿಲಿಗೆ ಬಂತೋ ಇಲ್ಲವೋ ಎಂಬಲ್ಲಿಗೆ ನಿಲ್ಲುತ್ತದೆ. ಬಾಗಿಲು ದಾಟಿ ಒಳಗೆ ಏನಾಯಿತು ಎಂದು ಕೇಳುವವರಿಲ್ಲ. ಒಳಗೆ ಕಂಪ್ಯೂಟರುಗಳು ಒಂದಕ್ಕೊಂದು ಪರಿಚಯವಿಲ್ಲದೆ, ತಲಾ ಬೇರೆ ಬೇರೆಯಾಗಿ ಒಂದೇ ಲೈನಿಗೆ ಜೋತುಬಿದ್ದಿರುತ್ತವೆ. ರಸ್ತೆ ಅಗೆದು ಲೈನು ಕಡಿದ ದಿನ ಎಲ್ಲವೂ ಒಟ್ಟಿಗೆ ಸುಮ್ಮನಾಗುತ್ತವೆ. ಮಕ್ಕಳು ಹೊರಗೆ ಹೋಗುತ್ತಾರೆ, ಕೋಣೆಗೆ ಬೀಗ ಬೀಳುತ್ತದೆ. ಲೈನು ಇದ್ದ ದಿನವೂ ತೊಂದರೆಯೇ: ಇಪ್ಪತ್ತು ಯಂತ್ರಗಳು ಒಂದೇ ಅಪ್‌ಡೇಟನ್ನು ಇಪ್ಪತ್ತು ಸಲ ಹೊರಗಿನಿಂದ ಎಳೆದುಕೊಳ್ಳುತ್ತವೆ. ಒಂದು ಯಂತ್ರ ಇಳಿಸಿಕೊಂಡು ಮಿಕ್ಕವುಗಳಿಗೆ ಒಳಗೇ ಹಂಚುವ ಸೌಲಭ್ಯ ವಿಂಡೋಸ್ 10ರಿಂದಲೂ ಇದೆ. ಲಿನಕ್ಸ್‌ನಲ್ಲೂ ಅದಕ್ಕೆ ದಾರಿಗಳಿವೆ.

ಇಂಥ ಕೋಣೆಯಲ್ಲಿ ಹಳೆಯ ಕಂಪ್ಯೂಟರೊಂದನ್ನು ಬದಿಗಿಟ್ಟು ಅದರಲ್ಲಿ ಕಿವಿಕ್ಸ್ ಎಂಬ ಉಚಿತ ತಂತ್ರಾಂಶ ಹಾಕಬಹುದು. 2003ರಲ್ಲಿ ಶುರುವಾಗಿ ಈಗ 30 ಸಾವಿರ ಲೇಖನ ದಾಟಿರುವ ಕನ್ನಡ ವಿಕಿಪೀಡಿಯ ಅದಕ್ಕಾಗಿ ಒಂದೇ ಫೈಲಾಗಿ ಸಿಗುತ್ತದೆ. ಸಾಧಾರಣ ಪೆನ್‌ಡ್ರೈವಿನಲ್ಲಿ ಹಿಡಿಸುತ್ತದೆ. ಒಮ್ಮೆ ತಂದಿಟ್ಟರೆ ಕೋಣೆಯ ಎಲ್ಲ ಮಕ್ಕಳೂ ತಮ್ಮ ತಮ್ಮ ಯಂತ್ರದ ಬ್ರೌಸರಿನಲ್ಲೇ ಅದನ್ನು ಓದಬಹುದು. ಹೊರಗಿನ ಲೈನು ಬೇಡ. ಪಾಠದ ವಿಡಿಯೊ, ಅಭ್ಯಾಸಗಳನ್ನು ಹೀಗೆಯೇ ಒಳಜಾಲದಲ್ಲಿ ಬಡಿಸಲು ಕೊಲಿಬ್ರಿ ಎಂಬ ತಂತ್ರಾಂಶವಿದೆ. ಪುಸ್ತಕಗಳ ಲೆಕ್ಕಕ್ಕೆ ನ್ಯೂಜಿಲೆಂಡಿನ ಒಂದು ಸಣ್ಣ ಗ್ರಂಥಾಲಯಕ್ಕಾಗಿ ಹುಟ್ಟಿ 2000ದಲ್ಲಿ ಬಳಕೆಗೆ ಬಂದ ಕೋಹಾ ಇದೆ. ಅದೂ ಅದೇ ಕೋಣೆಯ ಯಂತ್ರದಲ್ಲಿ ನಡೆಯುತ್ತದೆ. ಯಾವುದಕ್ಕೂ ಪರವಾನಗಿ ಶುಲ್ಕವಿಲ್ಲ. ಖರ್ಚು ಸ್ವಿಚ್ಚಿಗೆ, ಕೇಬಲ್ಲಿಗೆ, ಒಬ್ಬ ಮೇಷ್ಟರಿಗೆ ಕೂತು ಕಲಿಸುವುದಕ್ಕೆ. ಮೂರನೆಯದಕ್ಕೆ ನಮ್ಮ ಟೆಂಡರುಗಳಲ್ಲಿ ಜಾಗವೇ ಇಲ್ಲದಿರುವುದು ನನಗೆ ಸಿಟ್ಟು ತರಿಸುತ್ತದೆ.

ಒಳಜಾಲ ಕಟ್ಟಿದರೆ ನೋಡಿಕೊಳ್ಳುವವರು ಯಾರು, ವೈರಸ್ ಬಂದರೆ ಏನು ಗತಿ ಎಂಬ ಆಕ್ಷೇಪ ನ್ಯಾಯವಾದದ್ದು. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ ಕುತಂತ್ರಾಂಶ ಹಬ್ಬಿದ್ದು ಹೀಗೆ ಫೈಲ್ ಹಂಚಿಕೊಳ್ಳುವ ವಿಂಡೋಸ್ ಸೌಲಭ್ಯದ ಬಿರುಕಿನಿಂದಲೇ. ಒಂದು ಯಂತ್ರ ಹೊಕ್ಕರೆ ಇಡೀ ಕಚೇರಿ ಹಿಡಿಯುತ್ತಿತ್ತು. ಆದರೆ ಅದಕ್ಕೆ ಎರಡು ತಿಂಗಳು ಮೊದಲೇ ಮೈಕ್ರೋಸಾಫ್ಟ್ ತೇಪೆ ಬಿಟ್ಟಿತ್ತು. ಪೆಟ್ಟು ತಿಂದವರಲ್ಲಿ ಬಹುಮಂದಿ ಅದನ್ನು ಹಾಕಿಕೊಳ್ಳದವರು. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಲಕ್ಷಾಂತರ ಕ್ಯಾಮೆರಾ, ರೆಕಾರ್ಡರುಗಳನ್ನು ವಶಮಾಡಿಕೊಂಡದ್ದು, ಅವು ಹೊರಗಿನ ಇಂಟರ್ನೆಟ್ಟಿಗೆ ತೆರೆದುಕೊಂಡು ಕಾರ್ಖಾನೆಯ ಪಾಸ್‌ವರ್ಡನ್ನೇ ಇಟ್ಟುಕೊಂಡಿದ್ದರಿಂದ. ಎರಡರಿಂದಲೂ ನಾನು ತಿಳಿದದ್ದು ಇದು: ಹೊರಗೆ ತೆರೆಯಬೇಕಿಲ್ಲದ್ದನ್ನು ತೆರೆಯಬಾರದು, ಒಳಗಿನದ್ದನ್ನು ಯಾರಾದರೊಬ್ಬರು ತಿಂಗಳಿಗೊಮ್ಮೆಯಾದರೂ ನೋಡಬೇಕು. ಬ್ಯಾಕಪ್‌ನ ಒಂದು ಪ್ರತಿ ಕಟ್ಟಡದ ಹೊರಗಿರಬೇಕು, ಮತ್ತು ಅದಕ್ಕೆ ಕ್ಲೌಡ್ ನಿಜಕ್ಕೂ ಒಳ್ಳೆಯ ಜಾಗ. ಬೆಂಕಿಯಾಗಲಿ ಕಳ್ಳರಾಗಲಿ ಮುಟ್ಟದ ಎರಡನೆಯ ಪ್ರತಿಯಾಗಿ ಅದನ್ನು ನಾನು ಮನಸಾರೆ ಒಪ್ಪುತ್ತೇನೆ. ಒಂದೇ ಪ್ರತಿಯಾಗಿ ಅದನ್ನು ನಂಬುವುದಕ್ಕೆ ಮಾತ್ರ ನನ್ನ ವಿರೋಧ.

ತಂತಿ ಸಲ್ಲದ ಜಾಗವೊಂದಿದೆ, ಅದನ್ನೂ ಹೇಳಬೇಕು. ಮಲೆನಾಡು, ಕರಾವಳಿಯವರು ಮುಂಗಾರಿಗೆ ಮುಂಚಿನ ಗುಡುಗು ಕೇಳಿದೊಡನೆ ಓಡಿಹೋಗಿ ಟಿವಿ, ಮೋಡೆಮ್ಮುಗಳ ಪ್ಲಗ್ ಕೀಳುತ್ತಾರೆ. ಸಿಡಿಲಿನ ಪೆಟ್ಟು ತಾಮ್ರದ ತಂತಿಯಲ್ಲಿ ಹರಿದು ಬಂದು ಯಂತ್ರ ಸುಡುವುದನ್ನು ಅವರು ಕಂಡಿದ್ದಾರೆ. ಹಾಗಿರುವಾಗ ಮನೆಯಿಂದ ಅಡಿಕೆ ಮನೆಗೆ, ಶಾಲೆಯ ಒಂದು ಕಟ್ಟಡದಿಂದ ಇನ್ನೊಂದಕ್ಕೆ ತಾಮ್ರದ ಕೇಬಲ್ಲನ್ನು ಬಯಲಲ್ಲಿ ಎಳೆಯಬಾರದು. ಅಲ್ಲಿ ವಿದ್ಯುತ್ ಹರಿಯದ ಫೈಬರ್ ಬೇಕು, ಇಲ್ಲವೇ ನೇರ ಕಾಣುವಂತಿದ್ದರೆ ರೇಡಿಯೊ. ಬಾಡಿಗೆ ಮನೆಯವರೂ ಗೋಡೆ ಕೊರೆಯಲಾರರು. ಅವರಿಗೆ ಬಾಗಿಲ ಚೌಕಟ್ಟಿನ ಪಕ್ಕ ಮೊಳೆ ಹೊಡೆದು ಎಳೆಯುವ ಚಪ್ಪಟೆ ಕೇಬಲ್ಲಾದರೂ ಸಾಕು.

ಸ್ವಂತ ಕಟ್ಟಡವಾದರೆ ಗಾರೆಗೆ ಮೊದಲೇ ಪೈಪ್ ಹಾಕಿಸಬೇಕು, ಕರೆಂಟಿನ ವೈರು ಹೋಗುವ ಪೈಪಿನಲ್ಲಿ ಇದನ್ನು ತುರುಕಬಾರದು. ಕೇಬಲ್ ಕೆಟ್ಟರೆ ಪೈಪ್ ಇದ್ದವರು ಹೊಸತು ಎಳೆಯುತ್ತಾರೆ, ಇಲ್ಲದವರು ಗೋಡೆ ಒಡೆಯುತ್ತಾರೆ. ಕ್ಯಾಟ್ 6 ಎಂದು ಮಾರುವ ಅಗ್ಗದ ಕೇಬಲ್ಲುಗಳಲ್ಲಿ ಬಹಳಷ್ಟು ಅಲ್ಯೂಮಿನಿಯಂ ಎಳೆಗೆ ತಾಮ್ರ ಲೇಪಿಸಿದವು. ಎಳೆ ಬೇಗ ತುಂಡಾಗುತ್ತದೆ, ಅದೇ ಕೇಬಲ್ಲಿನಲ್ಲಿ ಕ್ಯಾಮೆರಾಕ್ಕೆ ಕರೆಂಟ್ ಕಳಿಸಿದರೆ ಬಿಸಿಯಾಗುತ್ತದೆ. ತುದಿಯನ್ನು ಬ್ಲೇಡಿನಿಂದ ಕೆರೆದು ನೋಡಿದರೆ ಒಳಗೆ ಬೆಳ್ಳಿ ಬಣ್ಣ ಕಾಣುತ್ತದೆ. ಕಂಡರೆ ಕೇಬಲ್ಲಿನ ಪೆಟ್ಟಿಗೆಯನ್ನು ವಾಪಸ್ ಕಳಿಸಬೇಕು. ಶುದ್ಧ ತಾಮ್ರದ ಕ್ಯಾಟ್ 5ಇ ಕೇಬಲ್ ಕೂಡ ನೂರು ಮೀಟರ್‌ವರೆಗೆ ಗಿಗಾಬಿಟ್ ಒಯ್ಯುತ್ತದೆ. ಅದೇ ಕೇಬಲ್ಲಿನಲ್ಲಿ ಎರಡೂವರೆ ಗಿಗಾಬಿಟ್ ಓಡಿಸುವ ಮಾನದಂಡ 2016ರಲ್ಲಿ ಬಂತು. ಇಪ್ಪತ್ತು ವರ್ಷದ ಹಿಂದೆ ಗೋಡೆಯಲ್ಲಿ ಹುದುಗಿಸಿದ ತಂತಿಗೆ ಗೋಡೆ ಮುಟ್ಟದೆ ಹೆಚ್ಚಿನ ವೇಗ ಬಂತು. ಅಷ್ಟೇ ಕಾಲದಲ್ಲಿ ಎಷ್ಟು ತಲೆಮಾರಿನ ವೈಫೈ ರೂಟರ್‌ಗಳು ಗುಜರಿಗೆ ಹೋದವು ಎಂದು ‘ತಂತಿಯ ಕಾಲ ಮುಗಿಯಿತು’ ಎನ್ನುವವರು ಒಮ್ಮೆ ಯೋಚಿಸಲಿ.

ಶಾಲೆಯವರಿಗಾಗಲಿ, ಕಚೇರಿಯವರಿಗಾಗಲಿ, ಮನೆ ಕಟ್ಟಿಸುವವರಿಗಾಗಲಿ ನಾನು ಹೇಳುವುದು ಒಂದು ಪರೀಕ್ಷೆ. ಜಾಲ ಹಾಕಿದವರು ಬಿಲ್ಲು ತಂದು ಮುಂದಿಟ್ಟಾಗ ಹೊರಗಿನ ಲೈನನ್ನು ರೂಟರಿನಿಂದ ಕಿತ್ತುಬಿಡಿ. ಈ ಮೇಜಿನ ಫೈಲು ಆ ಮೇಜಿನಲ್ಲಿ ತೆರೆಯುತ್ತದೆಯೇ, ಪ್ರಿಂಟರ್‌ನಲ್ಲಿ ಕಾಗದ ಬರುತ್ತದೆಯೇ, ಗೇಟು ಕಾಣಿಸುತ್ತದೆಯೇ ನೋಡಿ. ಆಮೇಲೆ ಮೇನ್ ಸ್ವಿಚ್ ಆರಿಸಿ. ರೂಟರ್, ಸ್ವಿಚ್‌ಗಳಿಗೆ ಬೇಕಾದದ್ದು ಕೆಲವೇ ವ್ಯಾಟ್, ಒಂದು ಸಣ್ಣ ಯುಪಿಎಸ್ ಅವನ್ನು ಗಂಟೆಗಟ್ಟಲೆ ನಡೆಸಬೇಕು. ಪ್ರತಿ ಕೇಬಲ್ಲಿನ ಎರಡೂ ತುದಿಗೆ ಕೋಣೆಯ ಹೆಸರು ಬರೆದ ಚೀಟಿ ಅಂಟಿಸಿದ್ದಾರೆಯೇ, ಪಾಸ್‌ವರ್ಡುಗಳನ್ನು ಬರೆದು ನಿಮ್ಮ ಕೈಗೆ ಕೊಟ್ಟಿದ್ದಾರೆಯೇ ಕೇಳಿ. ಇಷ್ಟೂ ಆದ ಮೇಲೆ ದುಡ್ಡು ಕೊಡಿ.